ಬಾಟಲಿ ಎಸೆದು ಹಿಡಿಯುವ ವಿದ್ಯೆ

ಹೈದರಾಬಾದಿನ ಬಾರ್ ಕೌಂಟರುಗಳ ಹಿಂದೆ ನಿಂತು ಬಾಟಲಿ ಹಾರಿಸಿ ಹಿಡಿಯುವುದನ್ನು ಕಲಿತ ಮೊದಲ ಪೀಳಿಗೆಯನ್ನು ಇವತ್ತು ನೆನೆದರೆ, ಅವರು ಮಾಡಿ ತೋರಿಸಿದ ಆಟಕ್ಕಿಂತ ಅವರು ಕಲಿತ ಬಗೆಯೇ ನನಗೆ ದೊಡ್ಡದಾಗಿ ಕಾಣುತ್ತದೆ. ಹೊಸ ಶತಮಾನ ಶುರುವಾದ ಆ ವರ್ಷಗಳಲ್ಲಿ ಈ ಊರಿನಲ್ಲಿ ಏನು ಕಲಿಯಬೇಕೆಂದರೂ ಒಂದು ಬೋರ್ಡು ಸಿಗುತ್ತಿತ್ತು. ಅಮೀರ್‌ಪೇಟೆಯ ಕಟ್ಟಡಗಳ ಮೈತುಂಬ ಜಾವಾ, ಒರಾಕಲ್, ಸ್ಪೋಕನ್ ಇಂಗ್ಲಿಷ್ ಎಂಬ ಫಲಕಗಳು. ಕೆಲವು ತಿಂಗಳು ಹೋಗಿ ಕೂತರೆ ಕೈಗೊಂದು ಸರ್ಟಿಫಿಕೇಟು. ಬಾಟಲಿ ಎಸೆಯಲು ಹೊರಟ ಹುಡುಗನಿಗೆ ಬಹುಮಟ್ಟಿಗೆ ಬೋರ್ಡೂ ಇರಲಿಲ್ಲ, ಮೇಷ್ಟ್ರೂ ಇರಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದು ಬಾಡಿಗೆ ರೂಮಿನ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ, ಹಳೆಯ ಹಾಸಿಗೆ ಹಾಸಿಕೊಂಡು ಅದರ ಮೇಲೆ ಖಾಲಿ ಬಾಟಲಿ ಬೀಳಿಸುತ್ತ ಬೀಳಿಸುತ್ತ ಕಲಿಯಬೇಕಿತ್ತು. ಆ ಸಾಲಿನಲ್ಲಿ ನಾನೂ ನಿಂತಿದ್ದವನು. ಆದರೆ ಇಲ್ಲಿ ಹೇಳಹೊರಟಿರುವುದು ನನ್ನ ಕಥೆಯನ್ನಲ್ಲ. ಇಷ್ಟು ವರ್ಷಗಳಲ್ಲಿ ನನ್ನೊಳಗೆ ಗಟ್ಟಿಯಾದ ಒಂದು ಅಭಿಪ್ರಾಯವನ್ನು ಓದುಗರ ಮುಂದಿಡಬೇಕೆಂದಿದ್ದೇನೆ. ಬಾಟಲಿಯಾಟ ನಿಜವಾದ ವಿದ್ಯೆ. ಅದು ಕಲಿಸುವುದು ಗಮನವನ್ನು ಮತ್ತು ಅಳತೆಯನ್ನು. ಕುಡಿತದಿಂದ ಅದನ್ನು ಬೇರ್ಪಡಿಸಿ ನೋಡಲು ಬರುತ್ತದೆ. ಹಾಗಾಗಿ ಅದನ್ನು ಕಲಿತವರಿಗೂ ವಿದ್ಯಾವಂತರಿಗೆ ಸಲ್ಲುವ ಮರ್ಯಾದೆಯೇ ಸಲ್ಲಬೇಕು.

ಆ ಮರ್ಯಾದೆ ಯಾಕೆ ಸಿಗಲಿಲ್ಲ ಎನ್ನುವುದಕ್ಕೆ ಈ ನಾಡಿನ ಇತಿಹಾಸದಲ್ಲೇ ಕಾರಣವಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 1992ರಲ್ಲಿ, ಹೈದರಾಬಾದೂ ಸೇರಿದ್ದ ಆಗಿನ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಲು ಎದ್ದು ನಿಂತರು. ರಾತ್ರಿಶಾಲೆಯಲ್ಲಿ ಅಕ್ಷರ ಕಲಿಯುತ್ತಿದ್ದವರು ಅವರು. ಸಾಕ್ಷರತಾ ಪಾಠದಲ್ಲಿದ್ದ ಸೀತಮ್ಮ ಎಂಬವಳ ಕಥೆ ತಮ್ಮದೇ ಕಥೆ ಎನ್ನಿಸಿ ಬೀದಿಗಿಳಿದರು. ಕಿಡಿ ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿತು. 1993ರ ಅಕ್ಟೋಬರ್‌ನಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು, 1994ರ ಚುನಾವಣೆಯಲ್ಲಿ ಗೆದ್ದುಬಂದ ಎನ್.ಟಿ. ರಾಮರಾವ್ 1995ರ ಜನವರಿಯಿಂದ ಪಾನನಿಷೇಧ ಜಾರಿಗೆ ತಂದರು. ಬೊಕ್ಕಸ ಬರಿದಾಗುತ್ತಿದೆಯೆಂದು 1997ರಲ್ಲಿ ಚಂದ್ರಬಾಬು ನಾಯ್ಡು ಸರ್ಕಾರ ನಿಷೇಧವನ್ನು ಸಡಿಲಿಸಿತು. ಮರುವರ್ಷವೇ ಮಾದಾಪುರದಲ್ಲಿ ಐಟಿ ಕಂಪನಿಗಳ ಸೈಬರ್ ಟವರ್ಸ್ ಉದ್ಘಾಟನೆಯಾಯಿತು. ಬೇಗಂಪೇಟೆ, ಬಂಜಾರಾ ಹಿಲ್ಸ್, ಜೂಬಿಲಿ ಹಿಲ್ಸ್‌ಗಳಲ್ಲಿ ಪಬ್ಬುಗಳು ತೆರೆದುಕೊಂಡವು. ಬೇಗಂಪೇಟೆಯ ಬಾಟಲ್ಸ್ ಅಂಡ್ ಚಿಮ್ನಿಯ ಹೆಸರು ಆ ಕಾಲದವರಿಗೆಲ್ಲ ನೆನಪಿದ್ದೀತು. ಹಾಗೆ ನೋಡಿದರೆ ಹೈದರಾಬಾದಿನ ಹೊಸ ಬಾರ್ ಕೆಲಸ ಹುಟ್ಟಿದ್ದು ಒಂದು ನೈತಿಕ ಹೋರಾಟ ಸೋತ ಜಾಗದಲ್ಲಿ. ಆ ಸೋಲಿನ ನೋವು ಊರ ಮನಸ್ಸಿನಲ್ಲಿ ಇನ್ನೂ ಹಸಿಯಾಗಿರುವಾಗಲೇ ಕೌಂಟರಿನ ಹಿಂದೆ ಒಬ್ಬ ಹುಡುಗ ಬಾಟಲಿ ಹಾರಿಸಿದರೆ, ಅದನ್ನು ಯಾರಾದರೂ ವಿದ್ಯೆ ಎಂದು ಹೇಗೆ ಕರೆದಾರು? ಮನೆಯಲ್ಲಿ ಆತ ಹೇಳುತ್ತಿದ್ದದ್ದು ‘ಹೋಟೆಲಿನಲ್ಲಿ ಕೆಲಸ’ ಎಂದಷ್ಟೇ.

ಇನ್ನು ಈ ಆಟ ಬಂದದ್ದೆಲ್ಲಿಂದ? ಬೇರು ಅಮೆರಿಕದ್ದು. 1862ರಲ್ಲಿ ಪಾನಮಿಶ್ರಣದ ಮೊದಲ ದೊಡ್ಡ ಪುಸ್ತಕ ತಂದ ಜೆರ್ರಿ ಥಾಮಸ್, ಉರಿಯುವ ವಿಸ್ಕಿಯನ್ನು ಒಂದು ಲೋಹದ ಲೋಟದಿಂದ ಇನ್ನೊಂದಕ್ಕೆ ಬೆಂಕಿಯ ಧಾರೆಯಾಗಿ ಸುರಿಯುತ್ತಿದ್ದ. ಅದಕ್ಕೆ ‘ಬ್ಲೂ ಬ್ಲೇಜರ್’ ಎಂದು ಹೆಸರು. ಒಂದು ಶತಮಾನಕ್ಕೂ ಹೆಚ್ಚು ಕಾಲದ ನಂತರ, 1980ರ ದಶಕದಲ್ಲಿ, ಟಿಜಿಐ ಫ್ರೈಡೇಸ್ ಎಂಬ ರೆಸ್ಟೊರೆಂಟು ಸರಣಿ ತನ್ನ ಬಾರ್‌ಟೆಂಡರುಗಳ ನಡುವೆ ಸ್ಪರ್ಧೆ ನಡೆಸತೊಡಗಿತು. ಅಲ್ಲಿ ಹೆಸರು ಮಾಡಿದ ಜಾನ್ ಬ್ಯಾಂಡಿ ಎಂಬಾತ 1988ರ ‘ಕಾಕ್‌ಟೇಲ್’ ಸಿನಿಮಾಕ್ಕಾಗಿ ಟಾಮ್ ಕ್ರೂಸ್‌ಗೆ ಬಾಟಲಿ ಹಿಡಿಯಲು ಕಲಿಸಿದ. ಆ ಸಿನಿಮಾದ ಸಿ.ಡಿ.ಗಳೇ ನಮ್ಮೂರಿನ ಹುಡುಗರ ಮೊದಲ ಪಠ್ಯ. ಪಠ್ಯವಾಗಿ ಅದು ಬಹಳ ದುರ್ಬಲ. ಸಿನಿಮಾದಲ್ಲಿ ಎಸೆತ ಒಂದು ಶಾಟ್, ಹಿಡಿತ ಇನ್ನೊಂದು ಶಾಟ್. ನಡುವಿನ ಅರ್ಧ ಸೆಕೆಂಡನ್ನು ಕತ್ತರಿ ನುಂಗಿರುತ್ತದೆ. ಕಲಿಯುವವನಿಗೆ ಬೇಕಾದದ್ದು ಆ ಅರ್ಧ ಸೆಕೆಂಡೇ. ಬಾಟಲಿ ಗಾಳಿಯಲ್ಲಿರುವಾಗ ಕೈ ಎಲ್ಲಿರಬೇಕು, ಕಣ್ಣು ಎಲ್ಲಿರಬೇಕು ಎನ್ನುವುದನ್ನು ಸಿನಿಮಾ ತೋರಿಸುವುದಿಲ್ಲ. 2005ರಲ್ಲಿ ಯೂಟ್ಯೂಬ್ ಬಂದ ಮೇಲೆ ಲಂಡನ್, ಲಾಸ್ ವೇಗಾಸ್‌ಗಳ ಸ್ಪರ್ಧೆಗಳನ್ನು ಕತ್ತರಿಯಿಲ್ಲದೆ ನೋಡಲು ಸಾಧ್ಯವಾಯಿತು. ಇಂಟರ್ನೆಟ್ ಕೆಫೆಯಲ್ಲಿ ಗಂಟೆಗಿಷ್ಟೆಂದು ಕೊಟ್ಟು ಕೂತು, ನಿಲ್ಲಿಸಿ ನಿಲ್ಲಿಸಿ ನೋಡುವ ಕಾಲ ಬಂತು. ಅಲ್ಲಿಯವರೆಗೆ ನಡುವಿನ ಆ ತುಂಡನ್ನು ಪ್ರತಿಯೊಬ್ಬನೂ ತನ್ನ ಮೈಯಿಂದಲೇ ಹುಡುಕಿಕೊಳ್ಳಬೇಕಿತ್ತು.

ಅತಿ ಸರಳವಾದ ಒಂದು ಪಲ್ಟಿಯನ್ನೇ ಹತ್ತಿರದಿಂದ ನೋಡೋಣ. ಬಾಟಲಿಯ ಕುತ್ತಿಗೆಯನ್ನು ಹೆಬ್ಬೆರಳು ಮತ್ತು ಎರಡು ಬೆರಳುಗಳ ನಡುವೆ ಸಡಿಲವಾಗಿ ಹಿಡಿಯಬೇಕು. ಮೊಣಕೈ ಪಕ್ಕೆಲುಬಿನ ಹತ್ತಿರವೇ ಇರಬೇಕು. ಭುಜದಿಂದ ಎಸೆದರೆ ಬಾಟಲಿ ಮುಂದಕ್ಕೆ ಓಡಿಹೋಗುತ್ತದೆ. ಮುಂಗೈ ಸ್ವಲ್ಪ ಏಳುತ್ತದೆ, ಮಣಿಕಟ್ಟು ಒಮ್ಮೆ ಮೇಲಕ್ಕೆ ಚಿಮ್ಮುತ್ತದೆ, ಬೆರಳುಗಳು ಬಿಟ್ಟುಕೊಡುತ್ತವೆ. ಗಾಳಿಗೆ ಹೋದ ಬಾಟಲಿ ತನ್ನ ನಟ್ಟನಡುವಿನ ಸುತ್ತ ತಿರುಗುವುದಿಲ್ಲ. ಗಾಜು ಬುಡದಲ್ಲಿ ದಪ್ಪ, ಹಾಗಾಗಿ ಅದರ ತೂಕದ ಕೇಂದ್ರ ಬುಡದ ಕಡೆಗಿರುತ್ತದೆ. ಅದರ ಸುತ್ತ ಬುಡ ಸಣ್ಣ ವೃತ್ತದಲ್ಲಿ, ಕುತ್ತಿಗೆ ದೊಡ್ಡ ವೃತ್ತದಲ್ಲಿ ಸುತ್ತುತ್ತದೆ. ಒಳಗೆ ಸ್ವಲ್ಪ ನೀರಿದ್ದರೆ ಕೇಂದ್ರ ಇನ್ನಷ್ಟು ಕೆಳಗಿಳಿಯುತ್ತದೆ, ತಿರುಗುವ ರಭಸ ನೀರನ್ನು ಬುಡಕ್ಕೇ ಒತ್ತಿ ಹಿಡಿಯುತ್ತದೆ. ಬಾಯಲ್ಲಿ ಸಿಕ್ಕಿಸಿದ ಪೋರರ್ ಎಂಬ ಸುರಿಯುವ ಕೊಳವೆ ತೆರೆದೇ ಇದ್ದರೂ ಸುತ್ತು ಚೊಕ್ಕವಾಗಿದ್ದರೆ ಹನಿ ಹೊರಬರುವುದಿಲ್ಲ. ಹೊರಬರುವುದು ಸುತ್ತು ಅರ್ಧಕ್ಕೆ ತಡೆದಾಗ, ಕುತ್ತಿಗೆ ಕೆಳಗಿರುವಾಗಲೇ ಕೈ ಗಡಿಬಿಡಿಯಿಂದ ಹಿಡಿದಾಗ. ಹಿಡಿಯುವ ಕೈ ಬಾಟಲಿಯನ್ನು ಎದುರುಗೊಳ್ಳಬಾರದು, ಅದರ ಜೊತೆಗೇ ಒಂದು ಗೇಣು ಕೆಳಗಿಳಿದು ಬರಮಾಡಿಕೊಳ್ಳಬೇಕು. ಇಷ್ಟೆಲ್ಲ ನಡೆಯುವಾಗ ಕಣ್ಣು ಕೈಯ ಮೇಲಿರದೆ ಬಾಟಲಿ ಏರುವ ತುತ್ತತುದಿಯ ಮೇಲಿರಬೇಕು. ತುದಿ ಕಂಡರೆ ಅದು ಎಲ್ಲಿ ಇಳಿಯುತ್ತದೆ ಎನ್ನುವುದು ಮೈಗೆ ತಾನಾಗಿ ಗೊತ್ತಾಗುತ್ತದೆ.

ಹೊಸಬರೆಲ್ಲ ಬಾಟಲಿಯನ್ನು ತೀರ ಎತ್ತರಕ್ಕೆ ಎಸೆಯುತ್ತಾರೆ. ಎತ್ತರಕ್ಕೆ ಹೋದಷ್ಟೂ ಹಿಡಿಯಲು ಹೊತ್ತು ಸಿಗುತ್ತದೆ ಎಂಬುದು ಅವರ ನಂಬಿಕೆ. ಲೆಕ್ಕ ಬೇರೆಯೇ ಹೇಳುತ್ತದೆ. ಕೈಯಿಂದ 30 ಸೆಂ.ಮೀ. ಮೇಲೇರಿದ ವಸ್ತು ಮರಳಿ ಕೈಗೆ ಬರಲು ಸುಮಾರು ಅರ್ಧ ಸೆಕೆಂಡು ಬೇಕು. ಒಂದು ಪೂರ್ತಿ ಸೆಕೆಂಡು ಬೇಕೆಂದರೆ ಎತ್ತರವನ್ನು ನಾಲ್ಕು ಪಟ್ಟು ಮಾಡಿ 120 ಸೆಂ.ಮೀ.ಗೆ ಒಯ್ಯಬೇಕು. ಆಗ ಬಾಟಲಿ ಕೈಗೆ ಬಡಿಯುವ ವೇಗವೂ ಎರಡು ಪಟ್ಟಾಗುತ್ತದೆ, ಪೆಟ್ಟಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಅರ್ಧ ಸೆಕೆಂಡಿನ ಲಾಭಕ್ಕಾಗಿ ಇಷ್ಟು ದೊಡ್ಡ ಬೆಲೆ ಕೊಡುವುದು ದಡ್ಡತನ ಎಂದು ಹಾಸಿಗೆಯ ಮೇಲೆ ಬಿದ್ದ ಬಾಟಲಿಗಳೇ ಕಲಿಸುತ್ತವೆ. ಫಿಸಿಕ್ಸ್ ಓದದೆ ಹತ್ತನೆಯ ಕ್ಲಾಸಿಗೇ ಶಾಲೆ ಬಿಟ್ಟ ಹುಡುಗರು ಈ ತೀರ್ಮಾನಕ್ಕೆ ತಾವಾಗಿ ಬಂದು, ಕೆಳಮಟ್ಟದಲ್ಲಿ, ಬಿಗಿಯಾಗಿ, ಮೈಗೆ ಹತ್ತಿರವಾಗಿ ಎಸೆಯತೊಡಗುತ್ತಿದ್ದರು. ಬಾಟಲಿಯ ಆಯ್ಕೆಯಲ್ಲೂ ಇದೇ ವಿವೇಕ. ಓಲ್ಡ್ ಮಾಂಕ್‌ನ ಕುಳ್ಳು ಬಾಟಲಿ ಕೈಗೆ ಒದಗುವುದಿಲ್ಲ. ಉದ್ದ ಕುತ್ತಿಗೆಯ, ನೇರ ಮೈಯ 750 ಮಿ.ಲೀ. ವೋಡ್ಕಾ ಬಾಟಲಿ ಬೇಕು. ತುಂಬಿದ್ದರೆ ಅದು ಒಂದೂಕಾಲು ಕೇಜಿಯ ಹತ್ತಿರ ತೂಗುತ್ತದೆ. ಖಾಲಿಯಾದರೆ ಅದರ ಅರ್ಧಕ್ಕೂ ಕಡಿಮೆ. ಹಾಗಾಗಿ ತುಂಬಿದ ಬಾಟಲಿಯ ಕೈಯೇ ಬೇರೆ, ಖಾಲಿ ಬಾಟಲಿಯ ಕೈಯೇ ಬೇರೆ, ಸಂಜೆ ಸರಿದಂತೆ ಅರ್ಧವಾಗುತ್ತ ಬರುವ ಬಾಟಲಿಯ ಕೈ ಮತ್ತೂ ಬೇರೆ. ಒಂದೊಂದು ಪೆಗ್ ಇಳಿದಾಗಲೂ ಮಣಿಕಟ್ಟು ಹೊಸದಾಗಿ ಲೆಕ್ಕ ಹಾಕಬೇಕು.

ಇದನ್ನು ಕಲಿಕೆ ಎನ್ನಬಹುದೇ, ಬರೀ ಚಟವಲ್ಲವೇ ಎಂದು ಕೇಳುವವರಿಗೆ ವಿಜ್ಞಾನದಲ್ಲಿ ಉತ್ತರವಿದೆ. 2004ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಜರ್ಮನಿಯ ಸಂಶೋಧಕರ ಒಂದು ವರದಿ ಬಂತು. ಮೂರು ಚೆಂಡುಗಳನ್ನು ಎಸೆದು ಹಿಡಿಯುವುದನ್ನು ಮೂರು ತಿಂಗಳು ಕಲಿತವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದಾಗ, ಚಲಿಸುವ ವಸ್ತುಗಳನ್ನು ಗ್ರಹಿಸುವ ಭಾಗದಲ್ಲಿ ಬೂದುದ್ರವ್ಯ ಹೆಚ್ಚಿತ್ತು. ಅಭ್ಯಾಸ ನಿಲ್ಲಿಸಿ ಮೂರು ತಿಂಗಳಾದ ಮೇಲೆ ನೋಡಿದರೆ ಆ ಹೆಚ್ಚಳ ಇಳಿಮುಖವಾಗಿತ್ತು. ದೊಡ್ಡವರ ಮಿದುಳು ಕೂಡ ಕೈಕೆಲಸದಿಂದ ಆಕಾರ ಬದಲಿಸುತ್ತದೆ ಎಂಬುದಕ್ಕೆ ಆ ಕಾಲದಲ್ಲಿ ಸಿಕ್ಕ ಸ್ಪಷ್ಟ ಸಾಕ್ಷ್ಯಗಳಲ್ಲಿ ಅದೊಂದು. 2020ರಲ್ಲಿ ಕೋವಿಡ್ ಬಂದು ಬಾರುಗಳು ತಿಂಗಳುಗಟ್ಟಲೆ ಮುಚ್ಚಿದಾಗ ಈ ಕಸುಬಿನವರು ಸಂಬಳದ ಜೊತೆಗೆ ಇನ್ನೇನನ್ನು ಕಳೆದುಕೊಳ್ಳುತ್ತಿದ್ದರು ಎನ್ನುವುದು ಆ ವರದಿಯ ಎರಡನೆಯ ಭಾಗ ಓದಿದವರಿಗೆ ಅರ್ಥವಾದೀತು. ಇನ್ನೂ ಹಿಂದೆ, 1979ರಲ್ಲಿ, ಶೇ ಮತ್ತು ಮಾರ್ಗನ್ ಎಂಬ ಇಬ್ಬರು ಅಮೆರಿಕದಲ್ಲಿ ನಡೆಸಿದ ಪ್ರಯೋಗ ನನಗೆ ಇದಕ್ಕಿಂತ ಮುಖ್ಯ. ಕೈಯ ಮೂರು ಬಗೆಯ ಚಲನೆಗಳನ್ನು ಒಂದು ಗುಂಪು ಒಂದಾದ ಮೇಲೊಂದರಂತೆ ಮುಗಿಸಿ ಕಲಿಯಿತು, ಇನ್ನೊಂದು ಗುಂಪು ಕಲಸಿ ಕಲಸಿ ಕಲಿಯಿತು. ಕಲಿಯುವಾಗ ಮೊದಲ ಗುಂಪೇ ಮುಂದಿತ್ತು. ಹತ್ತು ದಿನ ಬಿಟ್ಟು ಪರೀಕ್ಷಿಸಿದರೆ ಕಲಸಿ ಕಲಿತವರ ಕೈಯಲ್ಲಿ ವಿದ್ಯೆ ಉಳಿದಿತ್ತು. ತಾರಸಿಯ ಹುಡುಗರು ಒಂದು ಪಲ್ಟಿ, ನಂತರ ಅಂಗೈ ಬೆನ್ನ ಮೇಲೆ ಬಾಟಲಿ ನಿಲ್ಲಿಸುವ ‘ಸ್ಟಾಲ್’, ನಂತರ ಮೊಣಕೈಯಿಂದ ಪುಟಿಸುವ ‘ಬಂಪ್’, ಮತ್ತೆ ಪಲ್ಟಿ ಎಂದು ಮನಬಂದಂತೆ ಕಲಸುತ್ತಿದ್ದದ್ದನ್ನು ನೋಡಿ, ಶಿಸ್ತಿಲ್ಲ ಎಂದು ಹಿರಿಯರು ಬೈಯುತ್ತಿದ್ದರು. ಆ ಅಶಿಸ್ತಿನಲ್ಲಿ ಹುಡುಗರಿಗೇ ತಿಳಿಯದ ಒಂದು ಸರಿದಾರಿಯಿತ್ತು.

ಎರಡು ಮೂರು ಬಾಟಲಿಗಳಿಗೆ ಏರಿದವರು ಇನ್ನೊಂದು ಸಂಗತಿಯನ್ನು ಕಂಡುಕೊಳ್ಳುತ್ತಿದ್ದರು. ಮಾಹಿತಿ ಸಿದ್ಧಾಂತದ ಜನಕ ಕ್ಲಾಡ್ ಶಾನನ್ ಸ್ವತಃ ಚೆಂಡು ಹಾರಿಸುವ ಹವ್ಯಾಸಿಯಾಗಿದ್ದ. ಈ ಆಟಕ್ಕೆ ಆತ ಒಂದು ಸಮೀಕರಣವನ್ನೇ ಬರೆದ. ವಸ್ತು ಗಾಳಿಯಲ್ಲಿರುವ ಹೊತ್ತು, ಕೈಯಲ್ಲಿರುವ ಹೊತ್ತು, ಕೈ ಖಾಲಿಯಿರುವ ಹೊತ್ತು, ಈ ಮೂರಕ್ಕೂ ಕೈಗಳ ಮತ್ತು ವಸ್ತುಗಳ ಸಂಖ್ಯೆಗೂ ಇರುವ ನಂಟು ಅದರಲ್ಲಿದೆ. ನೋಡುವವರ ಕಣ್ಣು ಗಾಳಿಯಲ್ಲಿರುವ ಬಾಟಲಿಯ ಮೇಲೆ. ಆಡುವವನ ಭದ್ರತೆಯೆಲ್ಲ ಬಾಟಲಿ ಕೈಯಲ್ಲಿರುವ ಆ ಚಿಕ್ಕ ಹೊತ್ತಿನಲ್ಲಿ. ಹಿಡಿದ ಕೂಡಲೇ ಎಸೆಯುವವನು ತಪ್ಪುತ್ತಾನೆ. ಹಿಡಿದು, ಒಂದು ಕ್ಷಣ ತನ್ನದಾಗಿಸಿಕೊಂಡು, ದಿಕ್ಕು ತಿದ್ದಿ ಕಳಿಸುವವನು ಉಳಿಯುತ್ತಾನೆ.

ಅಳತೆಯ ಮಾತಿಗೆ ಬರುತ್ತೇನೆ, ನನ್ನ ವಾದದ ತಿರುಳು ಇರುವುದು ಅಲ್ಲೇ. ನಮ್ಮ ದೇಶದಲ್ಲಿ ಮದ್ಯಕ್ಕೆ 30 ಮಿ.ಲೀ., 60 ಮಿ.ಲೀ. ಎಂಬ ಪೆಗ್ಗಿನ ಅಳತೆಯಿದೆ. ಗಿರಾಕಿ ತನ್ನ ಕಣ್ಣೆದುರಿಗೇ ಪೆಗ್ ಮೆಷರ್ ತುಂಬಬೇಕೆಂದು ಬಯಸುತ್ತಾನೆ, ಅದು ಅವನ ಹಕ್ಕು. ಹೊರದೇಶಗಳ ಹಾಗೆ ಮನಸ್ಸಿನಲ್ಲೇ ನಾಲ್ಕು ಎಣಿಸಿ 30 ಮಿ.ಲೀ. ಸುರಿಯುವ ಕ್ರಮವನ್ನು ನಮ್ಮವರು ಕಲಿತರೂ ಅದನ್ನು ಮೆಷರ್‌ನ ಎದುರು ದಿನವೂ ಪರೀಕ್ಷೆಗೊಡ್ಡಬೇಕಾಗುತ್ತಿತ್ತು. ಬಾಟಲಿಯನ್ನು ಭುಜದಿಂದಾಚೆ ತಿರುಗಿಸಿ, ತಲೆಕೆಳಗಾಗಿ ಮೆಷರ್‌ನ ಮೇಲೆ ನಿಲ್ಲಿಸಿ, ಎಣಿಸಿ, ಕತ್ತರಿಸಿದಂತೆ ಧಾರೆ ನಿಲ್ಲಿಸಿದಾಗ ಮೆಷರ್ ಅಂಚಿಗೆ ಸರಿಯಾಗಿ ತುಂಬಿರಬೇಕು. ಉಕ್ಕಿದರೆ ಮಾಲೀಕನಿಗೆ ನಷ್ಟ, ಕಡಿಮೆಯಾದರೆ ಗಿರಾಕಿಗೆ ಮೋಸ. ಈ ಕಸುಬಿನವರು ಆಟವನ್ನು ಎರಡಾಗಿ ವಿಂಗಡಿಸುತ್ತಾರೆ. ಸ್ಪರ್ಧೆಯ ವೇದಿಕೆಯ ಮೇಲೆ ಒಂದೆರಡು ಪೆಗ್ಗಿನಷ್ಟು ದ್ರವವಿಟ್ಟು ಸಂಗೀತಕ್ಕೆ ತಕ್ಕಂತೆ ಆಡುವುದು ‘ಎಕ್ಸಿಬಿಷನ್ ಫ್ಲೇರ್’. ಕೌಂಟರಿನಲ್ಲಿ, ತುಂಬಿದ ಬಾಟಲಿಯಿಂದ, ಆರ್ಡರು ತಡವಾಗದಂತೆ ಮಾಡುವ ಚಿಕ್ಕ ಚಲನೆಗಳು ‘ವರ್ಕಿಂಗ್ ಫ್ಲೇರ್’. ಹೆಸರು ತರುವುದು ಮೊದಲನೆಯದು. ಕಸುಬುದಾರಿಕೆ ಗೊತ್ತಾಗುವುದು ಎರಡನೆಯದರಲ್ಲಿ. ಸ್ಪರ್ಧೆಗಳಲ್ಲಿ ಕೂಡ ಬೀಳಿಸಿದ್ದಕ್ಕೆ, ಚೆಲ್ಲಿದ್ದಕ್ಕೆ, ಒಡೆದದ್ದಕ್ಕೆ ಅಂಕ ಕಳೆಯುತ್ತಾರೆ. ಚೆಲ್ಲದಿರುವುದನ್ನು ಇಷ್ಟು ಕಟ್ಟುನಿಟ್ಟಾಗಿ ಲೆಕ್ಕವಿಡುವ ಆಟವನ್ನು ಪೋಲಿಯಾಟ ಎನ್ನುವುದು ನ್ಯಾಯವಲ್ಲ. ಉಡುಪಿ ಹೋಟೆಲಿನಲ್ಲಿ ಎರಡು ಮೊಳದ ಎತ್ತರದಿಂದ ಕಾಫಿ ಎರೆದು ನೊರೆ ಎಬ್ಬಿಸುವವನ ಕೈಯನ್ನು ನಾವು ತಲೆಮಾರುಗಳಿಂದ ಮೆಚ್ಚುತ್ತ ಬಂದಿದ್ದೇವೆ, ಹನಿ ಆಚೆ ಬೀಳದ ಆ ಕೈಗೆ ಬೆಲೆ ಕೊಟ್ಟಿದ್ದೇವೆ. ಬಾರ್‌ನವನ ಕೈ ಪಳಗಿರುವುದೂ ಅದೇ ಗುಣದಲ್ಲಿ.

ಕಾಲ ಕಳೆದುಹೋದ ಆಟ ಇದು, ಈಗಿನ ಬಾರ್‌ಗಳಲ್ಲಿ ಇದಕ್ಕೆ ಜಾಗವಿಲ್ಲ ಎಂಬ ಆಕ್ಷೇಪ ಕಸುಬಿನ ಒಳಗಿನಿಂದಲೇ ಬರುತ್ತದೆ. ಅದರಲ್ಲಿ ಸತ್ಯಾಂಶವಿದೆ. ಇವತ್ತು ಹೈದರಾಬಾದಿನಲ್ಲಿ ಹೆಸರಾದ ಜಾಗಗಳು ತಾವೇ ಕುದಿಸಿದ ಸಿರಪ್, ಕೈಯಿಂದ ಕೆತ್ತಿದ ಐಸ್, ಹುಣಸೆ, ಕರಿಬೇವು, ನನ್ನಾರಿ ಬೆರೆಸಿದ ಪಾನೀಯಗಳನ್ನು ಹೇಳಿಕೊಳ್ಳುತ್ತವೆ. ಬಾಟಲಿ ಹಾರಿಸುವವನು ರುಚಿ ಮರೆಯುತ್ತಾನೆ ಎಂಬುದು ಆ ಕಡೆಯವರ ದೂರು. ಹಾಗೆ ಮರೆತವರಿದ್ದರು, ಒಪ್ಪುತ್ತೇನೆ. ಐದು ನಿಮಿಷ ಆಡಿ ಕೊನೆಗೆ ಸಪ್ಪೆ ಲೋಟ ಮುಂದಿಟ್ಟವರಿಂದ ಈ ವಿದ್ಯೆಗೆ ಬಂದಷ್ಟು ಕೆಟ್ಟ ಹೆಸರು ಬೇರೆ ಯಾರಿಂದಲೂ ಬಂದಿಲ್ಲ. ಆದರೆ ರುಚಿಯ ಕಡೆಯವರು ಒಂದನ್ನು ಗಮನಿಸುವುದಿಲ್ಲ. ಶೇಕರ್‌ನ ಟಿನ್ ಒಂದೇ ಏಟಿಗೆ ಬಿಡಿಸುವುದು, ಎರಡು ಕೈಯಿಂದ ಎರಡು ಬಾಟಲಿ ಏಕಕಾಲಕ್ಕೆ ಸುರಿಯುವುದು, ನೋಡದೆಯೇ ಸಾಲಿನಿಂದ ಸರಿಯಾದ ಬಾಟಲಿ ಎತ್ತುವುದು, ಬಟ್ಟೆಯಿಂದ ಕೌಂಟರ್ ಒರೆಸುತ್ತಲೇ ಮುಂದಿನ ಆರ್ಡರಿಗೆ ಕೈ ಚಾಚುವುದು, ಇಂಥವೆಲ್ಲ ಬಾಟಲಿ ಅಭ್ಯಾಸ ಮಾಡಿದ ಕೈಗೆ ಬಹುಬೇಗ ಒಲಿಯುತ್ತವೆ. ಶನಿವಾರ ರಾತ್ರಿ ಕೌಂಟರಿಗೆ ಮೂರು ಸಾಲು ಜನ ಒರಗಿ ನಿಂತಾಗ ಕಂಗೆಡದಿರುವ ಮೈ ಬೇಕು. ಬೀಳಿಸಿದ್ದನ್ನು ನೂರು ಜನರೆದುರು ಎತ್ತಿಕೊಂಡು ಮುಖ ಕೆಡಿಸದೆ ಮುಂದುವರಿಯಲು ಕಲಿತವನಿಗೆ ಆ ಮೈ ಇರುತ್ತದೆ.

ಒಡೆದ ಗಾಜಿನ ಮಾತು ಇದಕ್ಕಿಂತ ಗಂಭೀರ. ಐಸ್ ತುಂಬಿದ ತೊಟ್ಟಿಯ ಮೇಲೆ ಬಾಟಲಿ ಒಡೆದರೆ ಗಾಜಿನ ಚೂರು ಐಸಿನಲ್ಲಿ ಕಾಣುವುದಿಲ್ಲ, ಎರಡೂ ಒಂದೇ ಬಣ್ಣ. ತಿಳಿದವರು ಆಗ ಮಾಡುವ ಕೆಲಸ ಹೀಗಿದೆ: ಕೂಡಲೇ ಗ್ರೆನಡಿನ್‌ನಂಥ ಕೆಂಪು ಸಿರಪ್ಪನ್ನು ಐಸಿನ ಮೇಲೆ ಸುರಿದುಬಿಡುತ್ತಾರೆ, ಗಡಿಬಿಡಿಯಲ್ಲಿ ಇನ್ನೊಬ್ಬ ಬಂದು ಆ ಐಸ್ ಬಳಸದಿರಲಿ ಎಂದು. ಆಮೇಲೆ ಬಿಸಿನೀರು ಹಾಕಿ ಪೂರ್ತಿ ಕರಗಿಸಿ, ತೊಟ್ಟಿ ಒರೆಸಿ, ಬೆಳಕು ಹಿಡಿದು ನೋಡಿ, ಹೊಸ ಐಸ್ ತುಂಬುತ್ತಾರೆ. ಈ ನಿಯಮ ಗೊತ್ತಿಲ್ಲದವನು ಬಾಟಲಿ ಎಸೆಯಬಾರದು ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಗ್ಲಾಸುಗಳು ಯಾವ ಆಟವೂ ಇಲ್ಲದ ಬಾರಿನಲ್ಲೂ ದಿನವೂ ಒಡೆಯುತ್ತವೆ, ಅಲ್ಲಿಯೂ ಈ ನಿಯಮ ಅಷ್ಟೇ ಬೇಕು. ಯಾರೂ ಕಲಿಸದೆ ತಾವಾಗಿ ಕಲಿತವರ ಕಲಿಕೆಯಲ್ಲಿ ಇಂಥ ಕಂದರಗಳು ಉಳಿಯುತ್ತವೆ. ಆಟವನ್ನು ಹೊರಗಟ್ಟಿದರೆ ಕಂದರ ಮುಚ್ಚುವುದಿಲ್ಲ, ಕೂತು ಕಲಿಸಿದರೆ ಮುಚ್ಚುತ್ತದೆ.

ಎಲ್ಲಕ್ಕಿಂತ ಭಾರವಾದ ಆಕ್ಷೇಪ ದೂಬಗುಂಟದ ಹೆಂಗಸರದು. ಕುಡಿತಕ್ಕೆ ಬಣ್ಣ ಕಟ್ಟುವ ಯಾವ ವಿದ್ಯೆಯಾದರೂ ಮನೆ ಮುರಿಯುವ ಕೆಲಸಕ್ಕೆ ಕೈಜೋಡಿಸಿದಂತೆಯೇ ಎಂದು ಅವರು ಹೇಳಿಯಾರು. ಪಬ್ಬಿಗೆ ಬರುವವರು ಬೇರೆ, ಸಾರಾಯಿ ಕುಡಿದು ಹೆಂಡತಿಗೆ ಹೊಡೆದವರು ಬೇರೆ ಎಂದು ವಾದಿಸಿ ನಾನು ತಪ್ಪಿಸಿಕೊಳ್ಳಲಾರೆ. ಬಂಗಲೆಯ ಏಟೂ ಏಟೇ. ಗಿರಾಕಿ ಆಟ ನೋಡುತ್ತ ಕೂತು ತನ್ನ ಮಿತಿ ಮೀರಿ ಇನ್ನೊಂದು, ಮತ್ತೊಂದು ಕುಡಿಯುವಂತೆ ಮಾಡಲು ಬಾಟಲಿ ಹಾರಿಸುವುದಾದರೆ ಆ ಕೆಲಸಕ್ಕೆ ಸಮರ್ಥನೆಯಿಲ್ಲ. ಹಾಗೆ ಮಾಡಿಸುವ ಮಾಲೀಕರಿದ್ದಾರೆ ಎನ್ನುವುದೂ ನಿಜ. ನಾನು ಕೇಳುವುದು ಇಷ್ಟೇ: ಆ ತಪ್ಪು ವಿದ್ಯೆಯದೋ, ಅದನ್ನು ದುಡಿಸಿಕೊಂಡವರದೋ? ಎರಡನ್ನೂ ಬಿಡಿಸಿ ನೋಡಲು ಹೈದರಾಬಾದೇ ದಾರಿ ತೋರಿಸಿದೆ. ಮದ್ಯದ ಸೋಂಕಿಲ್ಲದ ಮದುವೆಗಳು ನಡೆಯುವ ಇಲ್ಲಿನ ಫಂಕ್ಷನ್ ಹಾಲುಗಳಿಗೆ ಹೋಗಿ ನೋಡಿ. ಊಟದ ಸಾಲಿನ ಪಕ್ಕ ಒಂದು ಮಾಕ್‌ಟೇಲ್ ಕೌಂಟರು. ಪುದೀನ, ನಿಂಬೆ, ಸೋಡಾ, ನೀಲಿ ಬಣ್ಣದ ಸಿರಪ್ಪು. ಅದರ ಹಿಂದೆ ಅದೇ ಪಲ್ಟಿ, ಅದೇ ಸ್ಟಾಲ್, ಅದೇ ಉದ್ದ ಕುತ್ತಿಗೆಯ ಬಾಟಲಿ. ಮುಂದೆ ಕುರ್ಚಿಯ ಮೇಲೆ ಹತ್ತಿ ನಿಂತ ಮಕ್ಕಳು, ಪಕ್ಕದಲ್ಲಿ ಬುರ್ಖಾ ತೊಟ್ಟ ಅಜ್ಜಿಯರು. ಅಲ್ಲಿ ಮಾರಾಟವಾಗುತ್ತಿರುವುದು ಕುಡಿತವಲ್ಲ. ಅಭ್ಯಾಸದಲ್ಲೂ ಹಾಗೇ. ಈ ವಿದ್ಯೆ ಕಲಿಯಲು ಬೇಕಾಗುವುದು ಖಾಲಿ ಬಾಟಲಿ ಮತ್ತು ನಲ್ಲಿಯ ನೀರು. ಕುಡಿದವನ ಕೈಯಲ್ಲಿ ಬಾಟಲಿ ನಿಲ್ಲುವುದಿಲ್ಲವಾದ್ದರಿಂದ ಚೆನ್ನಾಗಿ ಆಡುವವರಲ್ಲಿ ಎಷ್ಟೋ ಜನ ಕೆಲಸದ ಹೊತ್ತಿನಲ್ಲಿ ಹನಿ ಮುಟ್ಟುವುದಿಲ್ಲ.

ಈ ನೆಲದಲ್ಲಿ ಪಾನೀಯದ ಜೊತೆ ಬೆಸೆದುಕೊಂಡ ದೇಹವಿದ್ಯೆ ಹೊಸದೇನಲ್ಲ ಎನ್ನುವುದನ್ನೂ ಮರೆಯಬಾರದು. ಕಲಬುರಗಿ, ರಾಯಚೂರು, ಬೀದರ್ 1956ರವರೆಗೆ ಇದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಸೇಂದಿ ಎಂಬ ಮಾತು ಅಲ್ಲಿಯವರಿಗೂ ಇಲ್ಲಿಯವರಿಗೂ ಒಂದೇ. ಸೊಂಟಕ್ಕೆ ಹಗ್ಗ ಸುತ್ತಿ, ಕತ್ತಿ ಸಿಕ್ಕಿಸಿ, ಮಡಕೆ ತೂಗಿಸಿಕೊಂಡು ತಾಳೆಮರ, ಈಚಲಮರ ಏರುವ ತೆಲಂಗಾಣದ ಗೌಡ ಸಮುದಾಯದ ಕಸುಬನ್ನು ಕುಡಿತದ ಹೆಸರಿನಲ್ಲಿ ಕೀಳಾಗಿ ಕಂಡವರು ಬಹಳ. ಆ ಮರದಿಂದ ಬಿದ್ದು ಸತ್ತವರು, ಸೊಂಟ ಮುರಿದುಕೊಂಡವರು ಪ್ರತಿ ವರ್ಷವೂ ಇದ್ದಾರೆ. 2024ರಲ್ಲಿ ತೆಲಂಗಾಣ ಸರ್ಕಾರ ಕಾಟಮಯ್ಯ ದೇವರ ಹೆಸರಿನಲ್ಲಿ ಮರ ಏರುವವರಿಗೆ ಸುರಕ್ಷಾ ಕಿಟ್ ಹಂಚಲು ತೊಡಗಿತು. ಸೇಂದಿಯ ಬಗ್ಗೆ ಒಬ್ಬೊಬ್ಬರ ಅಭಿಪ್ರಾಯ ಏನೇ ಇರಲಿ, ಮರ ಏರುವ ಮೈಗೆ ರಕ್ಷಣೆ ಬೇಕು, ಆ ಮೈಯ ಜಾಣ್ಮೆಗೆ ಮನ್ನಣೆ ಬೇಕು ಎಂದು ಸರ್ಕಾರ ಒಪ್ಪಿಕೊಂಡಂತಾಯಿತು. ಕೌಂಟರಿನ ಹಿಂದಿನ ಕೈಗಳಿಗೆ ಇಂಥ ಒಪ್ಪಿಗೆ ಇನ್ನೂ ಬಂದಿಲ್ಲ.

ಹೆಂಗಸರ ವಿಷಯದಲ್ಲಂತೂ ದೇಶದ ಕೆಲವೆಡೆ ಕಾನೂನೇ ಅಡ್ಡ ನಿಂತಿತ್ತು. ದೆಹಲಿಗೂ ಅನ್ವಯವಾಗುತ್ತಿದ್ದ 1914ರ ಪಂಜಾಬ್ ಅಬಕಾರಿ ಕಾಯ್ದೆಯ 30ನೇ ಕಲಮು, ಸಾರ್ವಜನಿಕರು ಮದ್ಯ ಸೇವಿಸುವ ಜಾಗದಲ್ಲಿ ಮಹಿಳೆಯರನ್ನು ಕೆಲಸಕ್ಕಿಟ್ಟುಕೊಳ್ಳುವುದನ್ನು ನಿಷೇಧಿಸಿತ್ತು. 2007ರ ಡಿಸೆಂಬರ್‌ನಲ್ಲಿ ಅನುಜ್ ಗರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ನಿಷೇಧ ಸಂವಿಧಾನಕ್ಕೆ ವಿರುದ್ಧ ಎಂದಿತು. ರಕ್ಷಣೆಯ ನೆಪದಲ್ಲಿ ಹೆಂಗಸರ ದುಡಿಮೆಯ ಹಕ್ಕು ಕಿತ್ತುಕೊಳ್ಳಬಾರದು, ಬೇಕಿದ್ದರೆ ಕೆಲಸದ ಜಾಗವನ್ನು ಸುರಕ್ಷಿತವಾಗಿಸಿ ಎಂಬುದು ಆ ತೀರ್ಪಿನ ಧೋರಣೆ. ಮುಂಬಯಿಯಲ್ಲಿ ಶತ್‌ಭಿ ಬಸು ಬಾರ್‌ಟೆಂಡಿಂಗ್ ಶಾಲೆಯನ್ನೇ ಕಟ್ಟಿದರು. ಆಮಿ ಶ್ರಾಫ್ ಬಾಟಲಿಯಾಟದಲ್ಲೇ ದೇಶಕ್ಕೆಲ್ಲ ಪರಿಚಿತರಾದರು. ಮಣಿಕಟ್ಟಿನ ಲಯಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ, ಭುಜಬಲವನ್ನು ಅದು ಕೇಳುವುದೇ ಇಲ್ಲ. ಹೈದರಾಬಾದಿನಲ್ಲಿ ಕಲಿಯಬೇಕೆಂದ ಹುಡುಗಿಗೆ ಮಾತ್ರ ರಾತ್ರಿ ಪಾಳಿಯ ನಂತರದ ತಾರಸಿ ಸುಲಭವಾಗಿ ಸಿಗುವ ಜಾಗವಾಗಿರಲಿಲ್ಲ. ಗೆಳೆಯರ ಗುಂಪಿನೊಳಗೆ, ನಡುರಾತ್ರಿಯಲ್ಲಿ, ಗಂಡಸರ ರೂಮಿನ ಮೇಲೆ ನಡೆಯುವ ಕಲಿಕೆ ಯಾರನ್ನು ಹೊರಗಿಡುತ್ತದೆ ಎನ್ನುವುದು ಆಗ ನಮಗ್ಯಾರಿಗೂ ಹೊಳೆದಿರಲಿಲ್ಲ. ಕಲಿಕೆಗೆ ಹಗಲಿನ ತರಗತಿ, ಬಾಗಿಲು ತೆರೆದ ಕೋಣೆ, ಹೆಸರಿರುವ ಶಿಕ್ಷಕರು ಬೇಕು ಎಂದು ನಾನು ಹಟ ಹಿಡಿಯಲು ಇದೇ ಒಂದು ಕಾರಣ ಸಾಕು.

ಆ ಕೋಣೆ ಎಲ್ಲಿಂದ ಬರಬೇಕೆಂದು ಹುಡುಕಿಕೊಂಡು ಹೋಗಬೇಕಾಗಿಲ್ಲ. ವಿದ್ಯಾನಗರದಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದಡಿಯ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಯಿದೆ, ಗಚ್ಚಿಬೌಲಿಯಲ್ಲಿ ರಾಜ್ಯದ್ದೊಂದು ಸಂಸ್ಥೆಯಿದೆ. ಬೆಂಗಳೂರಿನಲ್ಲೂ ಇಂಥವೇ ಇವೆ. ಅಲ್ಲೆಲ್ಲ ಪಾನೀಯ ಸೇವೆ ಪಠ್ಯದ ಭಾಗವೇ. ಟ್ರೇ ಹಿಡಿಯುವುದಕ್ಕೆ, ನ್ಯಾಪ್‌ಕಿನ್ ಮಡಿಸುವುದಕ್ಕೆ ಪ್ರಾಯೋಗಿಕ ಪರೀಕ್ಷೆಯಿರುವಾಗ ವರ್ಕಿಂಗ್ ಫ್ಲೇರ್‌ಗೂ ಒಂದು ಪರೀಕ್ಷೆ ಇರಲು ಅಡ್ಡಿಯೇನು? ಪದವಿಗೆ ಬಂದವರಿಗಷ್ಟೇ ಅಲ್ಲ, ಈಗಾಗಲೇ ಕೌಂಟರಿನಲ್ಲಿ ದುಡಿಯುತ್ತಿರುವ, ಶಾಲೆ ಅರ್ಧಕ್ಕೆ ಬಿಟ್ಟ ಹುಡುಗ ಹುಡುಗಿಯರಿಗೂ ನೇರವಾಗಿ ಬಂದು ಪರೀಕ್ಷೆ ಕೊಟ್ಟು ಪ್ರಮಾಣಪತ್ರ ಒಯ್ಯುವ ಅವಕಾಶ ಬೇಕು. ಮಣಿಕಟ್ಟು ಸೋತು, ರಾತ್ರಿ ಪಾಳಿ ಸಾಕೆನಿಸಿ ಹೊರಬರುವವನ ಕೈಯಲ್ಲಿ ಇವತ್ತು ಏನೂ ಉಳಿಯುವುದಿಲ್ಲ. ಆ ಕಾಗದವಿದ್ದರೆ ಆತ ಕಲಿಸುವವನಾಗಿ ಮುಂದುವರಿಯಬಹುದು.

ಪರೀಕ್ಷೆಗೆ ಮದ್ಯ ಬೇಡವೇ ಬೇಡ. ಅಭ್ಯಾಸಕ್ಕೆಂದೇ ಸಿಗುವ ಪ್ಲಾಸ್ಟಿಕ್ ಬಾಟಲಿಯಲ್ಲಿ ಅಳೆದ ನೀರು ತುಂಬಿ, ಪೋರರ್ ಸಿಕ್ಕಿಸಿ, ಅದನ್ನೂ ಒಂದು ಖಾಲಿ ಲೋಟವನ್ನೂ ತಕ್ಕಡಿಯ ಮೇಲಿಟ್ಟು ತೂಕ ಬರೆದುಕೊಳ್ಳಲಿ. ಮೂರು ಪಲ್ಟಿ, ಒಂದು ಸ್ಟಾಲ್, ನಂತರ ಮೆಷರ್ ಮುಟ್ಟದೆ ಎಣಿಸಿ 30 ಮಿ.ಲೀ. ಸುರಿಯುವುದು, ಎಡಗೈಯಿಂದ ಇನ್ನೊಮ್ಮೆ. ಆಮೇಲೆ ಐಸಿನಲ್ಲಿ ಗಾಜು ಬಿದ್ದರೆ ಏನು ಮಾಡುತ್ತೀಯ, ಕುಡಿದದ್ದು ಸಾಕಾಗಿರುವ ಗಿರಾಕಿ ಇನ್ನೊಂದು ಕೇಳಿದರೆ ಏನು ಹೇಳುತ್ತೀಯ ಎಂಬೆರಡು ಪ್ರಶ್ನೆಗಳು. ಇವುಗಳಲ್ಲಿ ಸೋತವರು ಆಟದಲ್ಲಿ ಎಷ್ಟೇ ಗೆದ್ದರೂ ಪಾಸಾಗಬಾರದು. ಕೊನೆಗೆ ಬಾಟಲಿಯನ್ನೂ ಲೋಟವನ್ನೂ ಮತ್ತೆ ತೂಗಲಿ. ಒಂದು ಮಿ.ಲೀ. ನೀರು ಒಂದು ಗ್ರಾಂ ತೂಗುತ್ತದೆ, ಅಡುಗೆಮನೆಯ ಡಿಜಿಟಲ್ ತಕ್ಕಡಿಯೇ ಸಾಕು. ಎಷ್ಟು ಚೆಲ್ಲಿತು, ಲೋಟಕ್ಕೆ ಎಷ್ಟು ಬಿತ್ತು ಎಂಬುದು ಪರೀಕ್ಷಕರ ಕಣ್ಣಿಗೂ ಪರೀಕ್ಷೆ ಕೊಟ್ಟ ಹುಡುಗಿಯ ಕಣ್ಣಿಗೂ ಒಂದೇ ಅಂಕಿಯಾಗಿ ಕಾಣುತ್ತದೆ.